ಕರೆಂಟು ಮರಳುವ ದಾರಿ

ಸ್ವಂತ ಕೈಯಿಂದ ವಿಮಾನ ಕಟ್ಟಿ ಹಾರಿಸುವ ಹವ್ಯಾಸ ಅಮೆರಿಕದಲ್ಲಿ ಹಳೆಯದು. ಅಲ್ಲಿ ಅದಕ್ಕೆ ಕಾನೂನಿನ ಚೌಕಟ್ಟೂ ಇದೆ. ಒಟ್ಟು ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಕಲಿಕೆಗಾಗಿ, ಖುಷಿಗಾಗಿ ಮಾಡಿದ್ದರೆ ಆ ವಿಮಾನ ‘ಪ್ರಾಯೋಗಿಕ’ ವರ್ಗದಲ್ಲಿ ನೋಂದಣಿಯಾಗುತ್ತದೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕೀ ನಗರದಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇಂಥವರ ಸಂಘ. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ 1970ರಿಂದ ಅದರ ಬೇಸಿಗೆ ಮೇಳ ನಡೆಯುತ್ತ ಬಂದಿದೆ. ಓರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಕಿಟ್‌ಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಈ ಕಿಟ್‌ಗಳಲ್ಲಿ ರೆಕ್ಕೆಯ ರಿವೆಟ್ಟಿಗೂ ಬಾಲದ ತೂತಿಗೂ ನಕ್ಷೆಯಿರುತ್ತದೆ. ಆದರೆ ಯಾವ ರೇಡಿಯೊ, ಯಾವ ಪರದೆ, ಯಾವ ದೀಪ ಎಂಬುದು ಬಹುಮಟ್ಟಿಗೆ ಕಟ್ಟುವವರ ಆಯ್ಕೆ. ಹಾಗಾಗಿ ತಂತಿಗಳ ನಕ್ಷೆಯನ್ನು ಅವರೇ ಬರೆದುಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ದುಡಿದು, ಎಂಜಿನ್ ಹೊತ್ತಿಸಿ, ಹೆಡ್‌ಸೆಟ್ ಹಾಕಿಕೊಂಡಾಗ ಕಿವಿಗೆ ಬೀಳುವ ‘ಸೊಂಯ್’ ಸದ್ದಿನ ಮೂಲ ಹೆಚ್ಚಾಗಿ ಈ ನಕ್ಷೆಯಲ್ಲಿ, ಇಲ್ಲವೇ ನಕ್ಷೆಯೇ ಇಲ್ಲದಿರುವುದರಲ್ಲಿ ಇರುತ್ತದೆ.

ಈ ಗದ್ದಲವನ್ನು ಕೆಟ್ಟ ಬಿಡಿಭಾಗದ ತಪ್ಪೆಂದು ನೋಡುವ ಅಭ್ಯಾಸ ವ್ಯಾಪಕವಾಗಿದೆ. ಆಲ್ಟರ್ನೇಟರ್ ಸರಿಯಿಲ್ಲ, ರೇಡಿಯೊ ಅಗ್ಗದ್ದು, ಒಂದು ಫಿಲ್ಟರ್ ತಂದು ಹಾಕೋಣ ಎಂದು ಮಾತು ಸಾಗುತ್ತದೆ. ನಾನು ಇಲ್ಲಿ ವಾದಿಸುವುದು ಬೇರೆ. ಮನೆಯಲ್ಲಿ ಕಟ್ಟಿದ ವಿಮಾನದ ವಿದ್ಯುತ್ ಗದ್ದಲ ಬಹುಪಾಲು ದಾರಿಯ ಸಮಸ್ಯೆ, ಅದರಲ್ಲೂ ಕರೆಂಟು ಬ್ಯಾಟರಿಗೆ ಮರಳುವ ದಾರಿಯ ಸಮಸ್ಯೆ. ಗದ್ದಲ ಆಗಬೇಕಾದರೆ ಮೂರು ಸೇರಬೇಕು: ಎಬ್ಬಿಸುವ ಉಪಕರಣ, ಅದಕ್ಕೆ ಬಲಿಯಾಗುವ ಉಪಕರಣ, ಇವೆರಡರ ನಡುವೆ ಒಂದು ದಾರಿ. ಕಿಡಿ ಹಾರಿಸದೆ ಎಂಜಿನ್ ಓಡುವುದಿಲ್ಲ. ಕ್ಷೀಣ ಸಂಕೇತಕ್ಕೂ ಕಿವಿಗೊಡದ ರೇಡಿಯೊ ಪ್ರಯೋಜನಕ್ಕೆ ಬಾರದು. ಎರಡನ್ನೂ ಕಾರ್ಖಾನೆಯಲ್ಲಿ ಮಾಡಿರುತ್ತಾರೆ, ನಾವು ಅವುಗಳ ಒಳಗೆ ಕೈ ಹಾಕುವಂತಿಲ್ಲ. ಕಟ್ಟುವವರ ಕೈಯಲ್ಲಿ ಪೂರ್ತಿಯಾಗಿ ಇರುವುದು ದಾರಿಯೊಂದೇ. ಅದನ್ನು ಮೊದಲ ತಂತಿ ಎಳೆಯುವ ಮುಂಚೆ ಯೋಚಿಸಿದರೆ ಖರ್ಚು ಬಹಳ ಕಡಿಮೆ. ಎಲ್ಲ ಮುಚ್ಚಿದ ಮೇಲೆ ಯೋಚಿಸಿದರೆ ಫಲಕಗಳನ್ನೇ ಬಿಚ್ಚಬೇಕು.

ವಿಮಾನದ ರೇಡಿಯೊ ಯಾಕೆ ಇಷ್ಟು ಸುಲಭವಾಗಿ ಬಲಿಯಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಪೈಲಟ್ ಮತ್ತು ಗೋಪುರದ ನಡುವಿನ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಅದೂ ಇಂದಿಗೂ ಎಎಮ್ ವಿಧಾನದಲ್ಲಿ. ಎಫ್‌ಎಮ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ದನಿ ಮಾತ್ರ ಕೇಳಿ ಇನ್ನೊಂದು ಪೂರ್ತಿ ಅಳಿಸಿಹೋಗುತ್ತದೆ. ಎಎಮ್‌ನಲ್ಲಿ ಎರಡೂ ಸೇರಿ ಒಂದು ಕೀರಲು ಸದ್ದಾಗುವುದರಿಂದ, ಇನ್ನೊಬ್ಬರು ಕರೆಯುತ್ತಿದ್ದಾರೆಂದು ಕೇಳುವವರಿಗೆ ಗೊತ್ತಾಗುತ್ತದೆ. ಆಕಾಶದಲ್ಲಿ ಇದು ಜೀವ ಉಳಿಸುವ ಗುಣ. ಆದರೆ ಅದಕ್ಕೊಂದು ಬೆಲೆಯಿದೆ. ಎಎಮ್ ರೇಡಿಯೊ ಅಲೆಯ ಎತ್ತರದಲ್ಲಿ ಮಾತನ್ನು ಹುಡುಕುತ್ತದೆ, ಕಿಡಿಯೂ ಅಲೆಯ ಎತ್ತರವನ್ನೇ ಕೆಡಿಸುತ್ತದೆ. ರೇಡಿಯೊ ಇತಿಹಾಸ ಕಿಡಿಯಿಂದಲೇ ಶುರುವಾದದ್ದು: ಹರ್ಟ್ಸ್ 1887ರಲ್ಲಿ ಕಿಡಿ ಹಾರಿಸಿ ಅಲೆ ಹುಟ್ಟಿಸಿದರು, 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಕಿಡಿಯ ಅಲೆಯಿಂದಲೇ ದೂರದ ಗಂಟೆ ಬಾರಿಸಿ ತೋರಿಸಿದರು. ನಾಲ್ಕು ಸಿಲಿಂಡರಿನ, ಸಿಲಿಂಡರಿಗೆ ಎರಡು ಪ್ಲಗ್ ಇರುವ ವಿಮಾನ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 160 ಕಿಡಿ ಹಾರುತ್ತವೆ. ಅಂದರೆ ರೇಡಿಯೊದಿಂದ ಒಂದೆರಡು ಮೀಟರ್ ಆಚೆ, ಬೆಂಕಿತಡೆ ಗೋಡೆಯ ಹಿಂದೆ, ಒಂದು ಕಿಡಿ ಪ್ರಸಾರಕ ಬಿಡುವಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಈ ಕಿಡಿಗಳ ಗದ್ದಲ ಕಾಕ್‌ಪಿಟ್ಟಿಗೆ ನುಗ್ಗುವ ಮುಖ್ಯ ಬಾಗಿಲು ಪ್ಲಗ್ ತಂತಿಗಳಲ್ಲ. ಅವಕ್ಕೆ ಲೋಹದ ಹೆಣಿಗೆಯ ಕವಚ ಮೊದಲೇ ಇರುತ್ತದೆ. ಬಾಗಿಲಿರುವುದು ಪಿ-ಲೀಡ್ ಎಂಬ ಒಂದೇ ತಂತಿಯಲ್ಲಿ. ಪ್ಲಗ್‌ಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಪ್ರೈಮರಿ ಸುರುಳಿಯಿಂದ ಹೊರಟು, ಬೆಂಕಿತಡೆ ಗೋಡೆ ದಾಟಿ, ಪೈಲಟ್ ಮುಂದಿನ ಸ್ವಿಚ್‌ವರೆಗೆ ಬರುವ ತಂತಿ ಇದು. ಮ್ಯಾಗ್ನೆಟೊ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುವುದರಿಂದ, ಎಂಜಿನ್ ನಿಲ್ಲಿಸಬೇಕಾದರೆ ಈ ತಂತಿಯನ್ನು ಗ್ರೌಂಡಿಗೆ ಮುಟ್ಟಿಸಬೇಕು. ಎಂಜಿನ್ ಓಡುವಾಗ ಅದು ತೆರೆದೇ ಇರುತ್ತದೆ, ಮ್ಯಾಗ್ನೆಟೊದೊಳಗಿನ ಸ್ವಿಚ್ಚಿನಂಥ ಪಾಯಿಂಟ್ ಬಿಚ್ಚಿಕೊಂಡ ಪ್ರತಿ ಸಲ ನೂರಾರು ವೋಲ್ಟಿನ ಏಟು ಅದರ ಮೇಲೆ ಬೀಳುತ್ತದೆ. ಹಾಗಾಗಿ ಇಲ್ಲಿ ಶೀಲ್ಡ್ ಇರುವ ತಂತಿ ಬೇಕೇ ಬೇಕು, ಅದನ್ನು ಎಲ್ಲರೂ ಹಾಕುತ್ತಾರೆ. ತಪ್ಪು ಆಗುವುದು ಶೀಲ್ಡಿನ ತುದಿಯಲ್ಲಿ. ಎಂಜಿನ್ ತುದಿಯಲ್ಲಿ ಶೀಲ್ಡನ್ನು ಮ್ಯಾಗ್ನೆಟೊದ ಮೈಗೆ ಸೇರಿಸಿ, ಸ್ವಿಚ್ಚಿನ ತುದಿಯಲ್ಲಿ ಹತ್ತಿರದ ಅಲ್ಯೂಮಿನಿಯಂ ಪಟ್ಟಿಗೂ ಸೇರಿಸಿಬಿಟ್ಟರೆ, ಎಂಜಿನ್ನಿಗೂ ವಿಮಾನದ ಮೈಗೂ ಇನ್ನೊಂದು ಸಂಪರ್ಕ ಹುಟ್ಟುತ್ತದೆ. ಆಮೇಲೆ ಮ್ಯಾಗ್ನೆಟೊದ ಕರೆಂಟು ತನಗೆ ಸಂಬಂಧವೇ ಇಲ್ಲದ ಪ್ಯಾನೆಲ್ಲಿನ ಲೋಹದಲ್ಲೆಲ್ಲ ಹರಿದಾಡುತ್ತದೆ. ಸರಿಯಾದ ಕ್ರಮದಲ್ಲಿ ಸ್ವಿಚ್ಚಿನ ಗ್ರೌಂಡ್ ತಿರುಪು ಪ್ಯಾನೆಲ್ಲಿಗೆ ತಾಗುವುದೇ ಇಲ್ಲ. ಅದು ಶೀಲ್ಡಿಗೆ ಮಾತ್ರ ಸೇರುತ್ತದೆ, ಶೀಲ್ಡ್ ಮ್ಯಾಗ್ನೆಟೊದ ಮೈಗೆ ಮಾತ್ರ ಸೇರುತ್ತದೆ. ಕರೆಂಟು ಯಾವ ತಂತಿಯಲ್ಲಿ ಹೋಯಿತೋ ಅದನ್ನು ಸುತ್ತಿರುವ ಜಾಳಿಗೆಯಲ್ಲೇ ಮರಳುತ್ತದೆ, ಹೊರಗೆ ಏನೂ ಉಳಿಯುವುದಿಲ್ಲ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು: ಈ ತಂತಿ ಕಡಿದುಹೋದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ. ನಿಂತ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದವರಿಗೆ ಅದು ಪ್ರಾಣಾಪಾಯ. ಆದ್ದರಿಂದ ಇಲ್ಲಿ ಕ್ರಿಂಪ್ ಮತ್ತು ಆಧಾರದ ಕೆಲಸ ಗದ್ದಲದ ಲೆಕ್ಕಕ್ಕಿಂತಲೂ ಮುಖ್ಯ.

ಆಲ್ಟರ್ನೇಟರ್ ವಿಷಯ ಬೇರೆ. ಅದರ ಗದ್ದಲ ಗಾಳಿಯಲ್ಲಿ ಬರುವುದಲ್ಲ, ತಂತಿಯಲ್ಲೇ ಬರುವಂಥದು. ಮೂರು ಫೇಸಿನ ಕರೆಂಟನ್ನು ಆರು ಡಯೋಡುಗಳು ನೇರ ಮಾಡಿದ ಮೇಲೂ ಮೇಲ್ಭಾಗದಲ್ಲಿ ಸಣ್ಣ ಅಲೆಗಳು ಉಳಿಯುತ್ತವೆ. ಹನ್ನೆರಡು ಧ್ರುವಗಳ ಸಾಮಾನ್ಯ ಆಲ್ಟರ್ನೇಟರಿನಲ್ಲಿ ಒಂದು ಸುತ್ತಿಗೆ ಇಂಥ 36 ಅಲೆ. ಎಂಜಿನ್ 2400 ಸುತ್ತಿನಲ್ಲಿದ್ದು, ಬೆಲ್ಟಿನ ಪುಲ್ಲಿ ಅದನ್ನು ಎರಡೂವರೆ ಪಟ್ಟು ಮಾಡಿದರೆ, ಅಲೆಗಳ ಸಂಖ್ಯೆ ಸೆಕೆಂಡಿಗೆ 3600. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವ ಸ್ಥಾಯಿಯೇ ಅದು. ಎಂಜಿನ್ ವೇಗ ಏರಿದಂತೆ ಶ್ರುತಿ ಏರುವ ಸದ್ದಾದರೆ ಅದರ ಮೂಲದ ಬಗ್ಗೆ ಸಂಶಯವೇ ಬೇಡ. ಆದರೆ ಈ ಅಲೆ ಬಸ್‌ಬಾರಿನಲ್ಲಿ ಇದೆ ಎಂದಮಾತ್ರಕ್ಕೆ ಕಿವಿಗೆ ಬರಬೇಕೆಂದಿಲ್ಲ. ಒಳ್ಳೆಯ ರೇಡಿಯೊ, ಇಂಟರ್‌ಕಾಮ್‌ಗಳು ತಮಗೆ ಬರುವ ವಿದ್ಯುತ್ತಿನ ಅಲೆಯನ್ನು ಒಳಗೇ ಶೋಧಿಸಿಕೊಳ್ಳುತ್ತವೆ. ಅವು ತಡೆಯಲಾರದ್ದು ಗ್ರೌಂಡ್ ತಂತಿಯ ಮೂಲಕ ಮೈಕಿನ ಸಂಕೇತದ ಜೊತೆಗೇ ಬಂದ ಅಲೆಯನ್ನು.

ಲೆಕ್ಕ ಹಾಕಿ ನೋಡಬಹುದು. 18 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 20 ಮಿಲಿಓಮ್ ರೋಧವಿದೆ. ಮಿನುಗುವ ಸ್ಟ್ರೋಬ್ ದೀಪದ ಪೆಟ್ಟಿಗೆಯೂ ಇಂಟರ್‌ಕಾಮ್ ಪೆಟ್ಟಿಗೆಯೂ ಮೂರು ಮೀಟರ್ ಉದ್ದದ ಒಂದೇ ಗ್ರೌಂಡ್ ತಂತಿಯನ್ನು ಹಂಚಿಕೊಂಡಿವೆ ಎನ್ನಿ. ಸ್ಟ್ರೋಬ್ ಐದು ಆಂಪಿಯರ್ ಎಳೆದ ಪ್ರತಿ ಸಲ ಆ ತಂತಿಯ ಎರಡು ತುದಿಗಳ ನಡುವೆ 300 ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಮೈಕಿನಿಂದ ಬರುವ ಮಾತಿನ ಸಂಕೇತವೂ ಕೆಲವು ನೂರು ಮಿಲಿವೋಲ್ಟಿನಷ್ಟೇ. ಇಂಟರ್‌ಕಾಮ್ ಪಾಲಿಗೆ ಅವೆರಡರ ನಡುವೆ ವ್ಯತ್ಯಾಸವೇ ಇಲ್ಲ, ಎರಡನ್ನೂ ಒಂದೇ ಶ್ರದ್ಧೆಯಿಂದ ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಇಲ್ಲಿ ಸ್ಟ್ರೋಬ್ ಕೆಟ್ಟಿಲ್ಲ, ಇಂಟರ್‌ಕಾಮ್ ಕೆಟ್ಟಿಲ್ಲ, ತಂತಿಯೂ ಚೆನ್ನಾಗಿದೆ. ಎರಡು ಕರೆಂಟುಗಳಿಗೆ ಒಂದೇ ದಾರಿ ಕೊಟ್ಟದ್ದಷ್ಟೇ ದೋಷ.

ಇದೇ ದೋಷದ ಅತಿ ಚಿಕ್ಕ, ಅತಿ ಸಾಮಾನ್ಯ ರೂಪ ಹೆಡ್‌ಸೆಟ್ ಜಾಕ್‌ನಲ್ಲಿ ಕಾಣುತ್ತದೆ. ವಿಮಾನದ ಹೆಡ್‌ಸೆಟ್ಟಿಗೆ ಎರಡು ಪಿನ್ನು: ಕೇಳಲು ಕಾಲು ಇಂಚಿನದು, ಮಾತಾಡಲು ಅದಕ್ಕಿಂತ ಸ್ವಲ್ಪ ಸಣ್ಣದು. ಪ್ಯಾನೆಲ್ಲಿನ ತೂತಿನಲ್ಲಿ ಜಾಕ್ ಕೂರಿಸಿ ನಟ್ ಬಿಗಿದರೆ ಅದರ ಹೊರಮೈ ತಾನಾಗಿಯೇ ಪ್ಯಾನೆಲ್ಲಿನ ಲೋಹಕ್ಕೆ ತಾಗುತ್ತದೆ, ಆ ಹೊರಮೈಯೇ ಮೈಕಿನ ಗ್ರೌಂಡ್. ಅದೇ ಗ್ರೌಂಡಿನ ಇನ್ನೊಂದು ತಂತಿ ಇಂಟರ್‌ಕಾಮಿಗೂ ಹೋಗಿರುತ್ತದೆ. ಹೀಗೆ ಒಂದು ಬಿಂದುವಿಗೆ ಎರಡು ದಾರಿಗಳಾಗಿ, ವಿಮಾನದ ಮೈಯಲ್ಲಿ ಹರಿಯುವ ಕರೆಂಟಿನ ಒಂದು ಪಾಲು ಮೈಕಿನ ತಂತಿಯಲ್ಲೂ ಹರಿಯತೊಡಗುತ್ತದೆ. ಇದಕ್ಕೆ ಪರಿಹಾರ ಒಂದು ಜೊತೆ ನೈಲಾನ್ ಅಥವಾ ಫೈಬರ್ ವಾಷರ್. ಅದರಲ್ಲಿ ಒಂದಕ್ಕೆ ಮೆಟ್ಟಿಲಿನಂಥ ಅಂಚಿರುತ್ತದೆ. ಆ ಅಂಚು ತೂತಿನ ಒಳಗೆ ಕೂತು ಜಾಕಿನ ತಿರುಪನ್ನು ತೂತಿನ ಗೋಡೆಯಿಂದ ದೂರ ಇಡುತ್ತದೆ. ಚಪ್ಪಟೆ ವಾಷರ್ ಮಾತ್ರ ಹಾಕಿದವರು ಮೇಲೂ ಕೆಳಗೂ ಬೇರ್ಪಡಿಸಿರುತ್ತಾರೆ, ತೂತಿನ ಬದಿಯಲ್ಲಿ ತಾಗುವುದನ್ನು ಮರೆತಿರುತ್ತಾರೆ. ಹಾಕಿದ ಮೇಲೆ, ಇಂಟರ್‌ಕಾಮಿನ ತಂತಿ ಜೋಡಿಸುವ ಮೊದಲೇ, ಮೀಟರ್ ಹಿಡಿದು ಜಾಕಿಗೂ ಪ್ಯಾನೆಲ್ಲಿಗೂ ಸಂಪರ್ಕ ಇಲ್ಲವೆಂದು ನೋಡಿಕೊಂಡರೆ ಈ ಒಂದು ಬಾಗಿಲು ಮುಚ್ಚಿದಂತೆ.

ಕಾನ್ಸಾಸ್ ರಾಜ್ಯದ ವಿಚಿಟಾದ ಎಂಜಿನಿಯರ್ ರಾಬರ್ಟ್ ನಕಲ್ಸ್ ‘ಏರೋಎಲೆಕ್ಟ್ರಿಕ್ ಕನೆಕ್ಷನ್’ ಎಂಬ ಪುಸ್ತಕದ ಮೂಲಕ ವಿಮಾನ ಕಟ್ಟುವವರಿಗೆ ಕಲಿಸಿದ ಒಂದು ವ್ಯವಸ್ಥೆ ಈ ಎಲ್ಲದಕ್ಕೂ ಸೇರಿ ಉತ್ತರ ಕೊಡುತ್ತದೆ. ಬೆಂಕಿತಡೆ ಗೋಡೆಯ ಎರಡೂ ಬದಿಗೆ ಲೋಹದ ಒಂದೊಂದು ತಟ್ಟೆ. ಅವನ್ನು ಸೇರಿಸುವ ದಪ್ಪ ಹಿತ್ತಾಳೆ ಬೋಲ್ಟು ಒಂದು. ತಟ್ಟೆಯ ತುಂಬ ಸಾಲುಸಾಲಾಗಿ ಕಾಲು ಇಂಚಿನ ಟ್ಯಾಬುಗಳು. ಬ್ಯಾಟರಿಯ ಋಣ ಕೇಬಲ್, ಎಂಜಿನ್ನಿನ ಹೆಣೆದ ಪಟ್ಟಿ ಎರಡೂ ಬೋಲ್ಟಿಗೆ ಬರುತ್ತವೆ. ರೇಡಿಯೊ, ಇಂಟರ್‌ಕಾಮ್, ಪರದೆಗಳೆಲ್ಲ ತಂತಮ್ಮ ತಂತಿಯಲ್ಲಿ ಬೇರೆಬೇರೆಯಾಗಿ ಟ್ಯಾಬಿಗೆ ಬರುತ್ತವೆ. ಯಾವುದರ ಕರೆಂಟೂ ಇನ್ನೊಂದರ ತಂತಿಯಲ್ಲಿ ಮರಳುವುದಿಲ್ಲ. ಎಂಜಿನ್ನಿನ ಆ ಹೆಣೆದ ಪಟ್ಟಿಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯದು. ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ಇನ್ನೂರು ಆಂಪಿಯರ್ ತನಗೆ ಸಿಕ್ಕ ಲೋಹದ ದಾರಿ ಹಿಡಿಯುತ್ತದೆ, ಅಂದರೆ ಥ್ರಾಟಲ್ ಮತ್ತು ಮಿಕ್ಸ್‌ಚರ್ ಕೇಬಲ್‌ಗಳನ್ನು. ಉಕ್ಕಿನ ಆ ಎಳೆಗಳು ಕಾದು ಅಂಟಿಕೊಂಡರೆ ಪೈಲಟ್ಟಿಗೆ ಎಂಜಿನ್ ಮೇಲಿನ ಹಿಡಿತವೇ ತಪ್ಪುತ್ತದೆ. ಮರಳುವ ದಾರಿಯನ್ನು ನಾವು ಗೊತ್ತುಮಾಡದಿದ್ದರೆ ಕರೆಂಟು ತಾನೇ ಗೊತ್ತುಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ಬೇಕಿಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಆರ್‌ವಿಯಂಥ ವಿಮಾನದ ಇಡೀ ಮೈ ಅಲ್ಯೂಮಿನಿಯಂ; ಅಷ್ಟು ಅಗಲವಾದ ವಾಹಕ ಎದುರಿಗೇ ಇರುವಾಗ ಪ್ರತಿಯೊಂದಕ್ಕೂ ಬೇರೆ ತಂತಿ ಎಳೆದು ತೂಕ ಏರಿಸುವುದು ಯಾಕೆ? ಕಾರ್ಖಾನೆಯ ಸೆಸ್ನಾ, ಪೈಪರ್‌ಗಳು ದಶಕಗಟ್ಟಲೆ ಮೈಯನ್ನೇ ಗ್ರೌಂಡ್ ಮಾಡಿಕೊಂಡು ಹಾರಿಲ್ಲವೇ? ತೂಕದ ಮಾತನ್ನು ಬೇಗ ಮುಗಿಸಬಹುದು. ವಿಮಾನಕ್ಕೆ ಬಳಸುವ ಟೆಫ್‌ಝೆಲ್ ಹೊದಿಕೆಯ 22 ಗೇಜ್ ತಂತಿ ಮೀಟರಿಗೆ ಸುಮಾರು 4 ಗ್ರಾಂ ತೂಗುತ್ತದೆ. ಪ್ಯಾನೆಲ್ಲಿನ ಉಪಕರಣಗಳಿಗೆಲ್ಲ ಬೇರೆ ಗ್ರೌಂಡ್ ಎಳೆದರೂ ಹೆಚ್ಚುವರಿ ಭಾರ ಹೆಡ್‌ಸೆಟ್ ಒಂದರ ಭಾರವನ್ನು ಮೀರುವುದು ಕಷ್ಟ. ಕಾರ್ಖಾನೆ ವಿಮಾನಗಳ ಮಾತು ಇನ್ನೂ ಆಲೋಚಿಸಬೇಕಾದದ್ದು. ಅಲ್ಲಿ ಒಂದು ಮಾದರಿಯ ವೈರಿಂಗನ್ನು ಪರೀಕ್ಷಿಸಿ, ತಿದ್ದಿ, ಒಪ್ಪಿಗೆ ಪಡೆದ ಮೇಲೆ ಅದೇ ನಕ್ಷೆಯಲ್ಲಿ ಸಾವಿರಾರು ವಿಮಾನ ಹೊರಬರುತ್ತವೆ. ಎಲ್ಲಿ ಗ್ರೌಂಡ್ ಮಾಡಿದರೆ ಗದ್ದಲ ಬರುವುದಿಲ್ಲ ಎಂಬುದು ಅನುಭವದಿಂದ ಗೊತ್ತಾಗಿರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಆ ಉಪಕರಣಗಳು ಆ ಜೋಡಣೆಯಲ್ಲಿ ಸೇರುವುದು ಮೊದಲ ಸಲ, ಬಹುಶಃ ಕೊನೆಯ ಸಲ ಕೂಡ. ಅದರ ಪರೀಕ್ಷೆ ಆ ಒಂದೇ ವಿಮಾನದಲ್ಲಿ ಆಗುತ್ತದೆ. ಹಾಗಿರುವಾಗ ಊಹೆಗೆ ಅವಕಾಶವೇ ಇಲ್ಲದ ವ್ಯವಸ್ಥೆಯನ್ನು ಆರಿಸಿಕೊಳ್ಳುವುದು ಬುದ್ಧಿವಂತಿಕೆ.

ಆದರೂ ಈ ಆಕ್ಷೇಪದಲ್ಲಿ ಒಪ್ಪಬೇಕಾದ ಭಾಗವೊಂದಿದೆ. ರೆಕ್ಕೆ ತುದಿಯ ಸಾದಾ ಬಲ್ಬು, ಪೀಟೋ ಕೊಳವೆಯ ಹೀಟರ್, ಇಂಧನದ ಮಟ್ಟ ತೋರಿಸುವ ಸಂವೇದಕ ಇವೆಲ್ಲ ಲೋಹದ ರೆಕ್ಕೆಗೆ ಅಲ್ಲಲ್ಲೇ ಗ್ರೌಂಡ್ ಆದರೆ ಕೇಡಿಲ್ಲ. ಅವುಗಳ ಕರೆಂಟು ಮಿಡಿಯುವುದಿಲ್ಲ, ಅವು ಗದ್ದಲಕ್ಕೆ ಬಲಿಯಾಗುವುದೂ ಇಲ್ಲ. ಎಲ್ಲವನ್ನೂ ಒಂದೇ ಬಿಂದುವಿಗೆ ತಂದೇ ತೀರಬೇಕೆಂದು ಹಟ ಹಿಡಿಯುವವರು ತಂತಿಗಿಂತ ಹೆಚ್ಚಾಗಿ ತಮ್ಮ ಸಮಯ ಕಳೆಯುತ್ತಾರೆ. ಬೇರೆ ಮಾಡಬೇಕಾದದ್ದು ಮಿಡಿಯುವ ಕರೆಂಟು ಮತ್ತು ಸೂಕ್ಷ್ಮ ಸಂಕೇತ, ಇವೆರಡನ್ನು. ಲೋಹದ ಮೈಯನ್ನೇ ಗ್ರೌಂಡ್ ಮಾಡಿಕೊಂಡಾಗ ಬರುವ ಇನ್ನೊಂದು ತೊಡಕು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ. ಅದು ಕಿವಿಗೆ ಕೇಳಿಸುವಂಥದಲ್ಲ, ದಿಕ್ಸೂಚಿಯಲ್ಲಿ ಕಾಣಿಸುವಂಥದು.

ಹೋಗುವ ತಂತಿ ಒಂದೇ ಇದ್ದು ಕರೆಂಟು ಮೈಯಲ್ಲಿ ಹರಡಿ ಮರಳಿದರೆ, ಆ ತಂತಿಯ ಸುತ್ತ ಕಾಂತಕ್ಷೇತ್ರ ಉಳಿಯುತ್ತದೆ. ಹತ್ತು ಆಂಪಿಯರ್ ಎಳೆಯುವ ಲ್ಯಾಂಡಿಂಗ್ ದೀಪದ ತಂತಿಯಿಂದ 30 ಸೆಂಟಿಮೀಟರ್ ದೂರದಲ್ಲಿ ಅದರ ಬಲ ಸುಮಾರು 6.7 ಮೈಕ್ರೊಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದು ಭೂಮಿಯ ಕಾಂತಕ್ಷೇತ್ರದ ಅಡ್ಡಪಾಲು ಮಾತ್ರ. ಆಶ್‌ಕಾಶ್ ಇರುವ ವಿಸ್ಕಾನ್ಸಿನ್‌ನಲ್ಲಿ ಕಾಂತರೇಖೆಗಳು ಕಡಿದಾಗಿ ನೆಲಕ್ಕೆ ಇಳಿಯುವುದರಿಂದ ಅಡ್ಡಪಾಲು ಸುಮಾರು 18 ಮೈಕ್ರೊಟೆಸ್ಲಾ ಮಾತ್ರ. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಹತ್ತಿರ, ಇಲ್ಲಿ ಅದು ಸುಮಾರು 40. ಆ ತಂತಿಯ ಕ್ಷೇತ್ರ ಅಡ್ಡಲಾಗಿ ಬಿದ್ದರೆ ಮುಳ್ಳು ಅಲ್ಲಿ 20 ಡಿಗ್ರಿಯಷ್ಟು ಸರಿಯುತ್ತದೆ, ಇಲ್ಲಾದರೆ ಹೆಚ್ಚುಕಡಿಮೆ 9 ಡಿಗ್ರಿ. ರಾತ್ರಿ ಇಳಿಯಲು ದೀಪ ಹೊತ್ತಿಸಿದ ಕೂಡಲೇ ದಿಕ್ಕು ಇಷ್ಟು ಬದಲಾಗುವುದು ಸಣ್ಣ ಮಾತಲ್ಲ. ಇಂದಿನ ಪರದೆ ಉಪಕರಣಗಳು ದಿಕ್ಕನ್ನು ಇನ್ನೊಂದು ಕಡೆ ಕೂರಿಸಿದ ಕಾಂತ ಸಂವೇದಕದಿಂದ ಪಡೆಯುತ್ತವೆ. ಅನೇಕರು ಅದನ್ನು ರೆಕ್ಕೆಯ ತುದಿಯಲ್ಲಿ ಇಡುತ್ತಾರೆ, ದೀಪಗಳೂ ಅಲ್ಲೇ ಇರುತ್ತವೆ, ಲೆಕ್ಕವೂ ಅದೇ. ಹೋಗುವ ತಂತಿಯನ್ನೂ ಮರಳುವ ತಂತಿಯನ್ನೂ ಒಟ್ಟಿಗೆ ಹೊಸೆದರೆ ಎರಡರ ಕ್ಷೇತ್ರಗಳು ಒಂದನ್ನೊಂದು ಬಹುತೇಕ ಅಳಿಸಿಹಾಕುತ್ತವೆ. ಬೇಕಾದದ್ದು ಎರಡನೆಯ ತಂತಿ, ಅದನ್ನು ಹೊಸೆಯುವ ತಾಳ್ಮೆ.

ಎರಡನೆಯ ಆಕ್ಷೇಪ ಅನುಭವಸ್ಥರದು: ಫಿಲ್ಟರ್ ಹಾಕಿದೆವು, ಸದ್ದು ನಿಂತಿತು, ಇಷ್ಟೆಲ್ಲ ತತ್ತ್ವ ಯಾಕೆ? ಕೆಲವು ಕಡೆ ಅವರ ಮಾತು ಸರಿ. ರೋಟ್ಯಾಕ್ಸ್ 912 ಎಂಜಿನ್ನಿನಲ್ಲಿ ಕಾಯಂ ಅಯಸ್ಕಾಂತದ ಜನರೇಟರ್ ಇದೆ. ಅದರ ರೆಗ್ಯುಲೇಟರ್ ಅಲೆಗಳನ್ನು ಕತ್ತರಿಸಿ ಕತ್ತರಿಸಿ ವೋಲ್ಟೇಜ್ ಹಿಡಿದಿಡುತ್ತದೆ, ಆದ್ದರಿಂದ ಎಂಜಿನ್ ತಯಾರಕರೇ 22,000 ಮೈಕ್ರೊಫ್ಯಾರಡ್‌ನ ದೊಡ್ಡ ಕೆಪಾಸಿಟರ್ ಹಾಕಲು ಹೇಳುತ್ತಾರೆ. ಅದು ಗದ್ದಲ ಹುಟ್ಟುವ ಜಾಗದಲ್ಲೇ, ಕರೆಂಟಿಗೆ ಹತ್ತಿರದ ಮರಳುದಾರಿ ಕೊಡುವ ಕೆಲಸ ಮಾಡುತ್ತದೆ. ನನ್ನ ತಕರಾರು ಇರುವುದು ಗದ್ದಲ ಕೇಳುವ ಜಾಗದಲ್ಲಿ, ರೇಡಿಯೊದ ಪವರ್ ತಂತಿಗೆ ಫಿಲ್ಟರ್ ಸಿಕ್ಕಿಸುವ ಪದ್ಧತಿಯ ಬಗ್ಗೆ. ಬೇರಿಗೆ ರೋಗ ಬಂದಾಗ ಎಲೆಗೆ ಔಷಧ ಹೊಡೆದಂತೆ ಅದು. ಪವರ್ ತಂತಿಯ ಫಿಲ್ಟರ್ ಗ್ರೌಂಡಿನಿಂದ ಬಂದ 300 ಮಿಲಿವೋಲ್ಟನ್ನು ಮುಟ್ಟುವುದೂ ಇಲ್ಲ. ಸದ್ದು ಕಡಿಮೆಯಾದಂತೆ ಅನ್ನಿಸಿದರೂ, ಇನ್ನೊಂದು ಉಪಕರಣ ಸೇರಿಸಿದ ದಿನ ಅದು ಮತ್ತೆ ಬರುತ್ತದೆ. ಮೇಲಾಗಿ ಫಿಲ್ಟರ್ ಎಂದರೆ ಇನ್ನಷ್ಟು ಜೋಡಣೆಗಳು, ಕಂಪನದಲ್ಲಿ ಸಡಿಲಗೊಳ್ಳಬಹುದಾದ ಇನ್ನಷ್ಟು ತುದಿಗಳು.

ಹಾಗಾದರೆ ಎಲ್ಲ ತಂತಿಗೂ ಶೀಲ್ಡ್ ಹಾಕಿಬಿಡೋಣ ಎನ್ನುವವರಿದ್ದಾರೆ. ಶೀಲ್ಡ್ ತಡೆಯುವುದೇನು ಎಂಬುದು ತಿಳಿದಿದ್ದರೆ ಆ ಖರ್ಚು ಉಳಿಯುತ್ತದೆ. ಒಂದು ತುದಿಯಲ್ಲಿ ಗ್ರೌಂಡ್ ಮಾಡಿದ ಶೀಲ್ಡ್ ಪಕ್ಕದ ತಂತಿಯ ವೋಲ್ಟೇಜ್ ಒಳಗೆ ಹಾಯದಂತೆ ತಡೆಯುತ್ತದೆ. ಪಕ್ಕದ ತಂತಿಯ ಕರೆಂಟು ಹುಟ್ಟಿಸುವ ಕಾಂತಕ್ಷೇತ್ರವನ್ನು ಕಿವಿಗೆ ಕೇಳುವ ಸ್ಥಾಯಿಯಲ್ಲಿ ಅದು ತಡೆಯಲಾರದು, ಅದಕ್ಕೆ ಹೊಸೆಯುವುದೇ ಮದ್ದು. ಮೈಕ್, ಹೆಡ್‌ಫೋನ್ ತಂತಿಗಳ ಶೀಲ್ಡನ್ನು ಎರಡೂ ತುದಿಗೆ ಗ್ರೌಂಡ್ ಮಾಡಿದರೆ ಶೀಲ್ಡೇ ಬೇಡದ ಕರೆಂಟಿನ ದಾರಿಯಾಗುತ್ತದೆ. ಆಂಟೆನಾ ಕೇಬಲ್ಲಿನ ಮಾತು ತದ್ವಿರುದ್ಧ. ಅಲ್ಲಿ ಹೊರ ಜಾಳಿಗೆ ಸಂಕೇತದ ಮರಳುದಾರಿಯೇ ಆದ್ದರಿಂದ ಎರಡೂ ತುದಿಯಲ್ಲಿ ಪೂರ್ತಿ ಸುತ್ತಲೂ ಸೇರಿರಬೇಕು. ಇದಕ್ಕೇ ಆರ್‌ಜಿ-58ರ ಒಂದೇ ಪದರದ ಜಾಳಿಗೆಗಿಂತ ಆರ್‌ಜಿ-400ರ ಬೆಳ್ಳಿ ಲೇಪದ ಎರಡು ಪದರ ಮೇಲು. ಸ್ಟ್ರೋಬ್ ಪೆಟ್ಟಿಗೆಯಿಂದ ದೀಪಕ್ಕೆ ಹೋಗುವ ಹೆಚ್ಚು ವೋಲ್ಟೇಜಿನ ಕೇಬಲ್ಲಿನ ಶೀಲ್ಡು ಪೆಟ್ಟಿಗೆಯ ತುದಿಗೆ ಮಾತ್ರ ಸೇರಬೇಕು. ಮೂರಕ್ಕೂ ನಿಯಮ ಬೇರೆಬೇರೆಯಾಗಿ ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕರೆಂಟು ಎಲ್ಲಿ ಹುಟ್ಟಿತು, ಅದು ಅಲ್ಲಿಗೇ ಮರಳಲು ನಾನು ಯಾವ ದಾರಿ ಕೊಟ್ಟಿದ್ದೇನೆ?

ಲೋಹದ ಮೈಯೇ ಇಲ್ಲದ ವಿಮಾನಗಳಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಬರ್ಟ್ ರುಟಾನ್ ರೂಪಿಸಿ 1979ರಲ್ಲಿ ಮೊದಲು ಹಾರಿದ ಲಾಂಗ್-ಈಝೀ ಫೋಮ್ ಮತ್ತು ಗಾಜಿನ ನಾರಿನ ವಿಮಾನ. ಎಂಜಿನ್ ಹಿಂದೆ, ಭಾರ ಸರಿದೂಗಿಸಲು ಬ್ಯಾಟರಿ ಮೂತಿಯಲ್ಲಿ. ಸ್ಟಾರ್ಟರ್ ಇರುವ ವಿಮಾನದಲ್ಲಿ ಅದರ ದಪ್ಪ ಕೇಬಲ್‌ಗಳು ವಿಮಾನದ ಉದ್ದಕ್ಕೂ, ಪೈಲಟ್‌ನ ಪಕ್ಕದಲ್ಲೇ ಹಾಯಬೇಕು. ಧನ ಕೇಬಲ್ ಒಂದು ಬದಿಗೆ, ಋಣ ಕೇಬಲ್ ಇನ್ನೊಂದು ಬದಿಗೆ ಹೋದರೆ ಇಡೀ ಕಾಕ್‌ಪಿಟ್ಟೇ ಒಂದು ದೊಡ್ಡ ಸುರುಳಿಯೊಳಗೆ ಕೂತಂತೆ. ಎರಡನ್ನೂ ತಾಗಿಸಿ ಕಟ್ಟಿದರೆ ಸುರುಳಿಯೇ ಇಲ್ಲ. ಆಂಟೆನಾಗಳನ್ನು ತಾಮ್ರದ ಹಾಳೆಯ ಪಟ್ಟಿಗಳಿಂದ ಮಾಡಿ ರೆಕ್ಕೆ ತುದಿಯ ನಿಲುಗರಿಗಳ ಒಳಗೆ ಹುದುಗಿಸುವುದು ಈ ವಿನ್ಯಾಸದ ಸೊಗಸು. ಗಾಜಿನ ನಾರು ರೇಡಿಯೊ ಅಲೆಗೆ ಅಡ್ಡಬರುವುದಿಲ್ಲ, ಇಂಗಾಲದ ನಾರು ಬರುತ್ತದೆ. ಮೈ ಹೊರಗೆ ನಿಲ್ಲುವ ಸಾದಾ ಆಂಟೆನಾ ಹಾಕುವುದಾದರೆ ಲೋಹದ ಮೈ ಮಾಡುತ್ತಿದ್ದ ಕೆಲಸವನ್ನು ಕೈಯಾರೆ ಮಾಡಿಕೊಡಬೇಕು: ಆಂಟೆನಾ ಬುಡದಿಂದ ನಾಲ್ಕು ಕಡೆಗೆ ಸುಮಾರು 60 ಸೆಂಟಿಮೀಟರಿನ ತಾಮ್ರದ ಪಟ್ಟಿಗಳು, ಅಂದರೆ ಅಲೆಯ ಕಾಲುಭಾಗದಷ್ಟು ಉದ್ದ. ಈ ಕಥೆಗೆ ಬೆಂಗಳೂರಿನ ಕೊಂಡಿಯೂ ಉಂಟು. ಅಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಕಟ್ಟಿದ ಹಗುರ ಕೆನಾರ್ಡ್ ಸಂಶೋಧನಾ ವಿಮಾನ ಇದೇ ಲಾಂಗ್-ಈಝೀಯನ್ನು ಆಧರಿಸಿದ್ದು. ಸಂಯುಕ್ತ ವಸ್ತುಗಳಲ್ಲಿ ವಿಮಾನ ಕಟ್ಟುವ ಕಸುಬು ಅಲ್ಲಿ ಬೇರೂರಿದ ಮೇಲೆ, 1993ರಲ್ಲಿ ಮೊದಲು ಹಾರಿದ ಹಂಸ ತರಬೇತಿ ವಿಮಾನವೂ ಲೋಹದ ಬದಲು ನಾರಿನ ಮೈಯನ್ನೇ ಪಡೆಯಿತು. ಅಂಥ ಮೈಯಲ್ಲಿ ‘ಹತ್ತಿರದ ಲೋಹಕ್ಕೆ ಗ್ರೌಂಡ್’ ಎಂಬ ಸುಲಭದ ಹಾದಿ ಇಲ್ಲ. ಮರಳುವ ಪ್ರತಿ ತಂತಿಯನ್ನೂ ಯೋಚಿಸಿಯೇ ಎಳೆಯಬೇಕು. ಶಿಸ್ತಿನ ದೃಷ್ಟಿಯಿಂದ ಅದು ಅನುಕೂಲವೇ ಎಂದು ನಾನು ಎಣಿಸುತ್ತೇನೆ.

ಉಪಕರಣಗಳು ಡಿಜಿಟಲ್ ಆಗಿವೆ, ಹೆಡ್‌ಸೆಟ್‌ಗಳು ಗದ್ದಲವನ್ನು ತಾವೇ ಅಳಿಸುತ್ತವೆ, ಇದೆಲ್ಲ ಹಳೆಯ ಕಾಲದ ಚಿಂತೆ ಎನ್ನುವುದು ಕೊನೆಯ ಆಕ್ಷೇಪ. ಹೆಡ್‌ಸೆಟ್ ಅಳಿಸುವುದು ಹೊರಗಿನ ಎಂಜಿನ್ ಸದ್ದನ್ನು. ತಂತಿಯಲ್ಲಿ ಬಂದದ್ದು ಅದರ ಪಾಲಿಗೆ ಮಾತೇ. ಇನ್ನು ಡಿಜಿಟಲ್ ಯುಗ ತಂದ ಗದ್ದಲ ಹಳೆಯದಕ್ಕಿಂತ ಕುಟಿಲ. ಎಲ್‌ಇಡಿ ದೀಪ, ಫೋನು ಚಾರ್ಜ್ ಮಾಡುವ ಯುಎಸ್‌ಬಿ ಜಾಕ್ ಇವುಗಳ ಒಳಗೆ ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕಡಿದು ಕೂಡಿಸುವ ಮಂಡಲಗಳಿವೆ. ಅವುಗಳ ಚೂಪಾದ ಅಂಚಿನ ಗುಣಕಗಳು, ಅಂದರೆ ಮೂಲ ಆವರ್ತನದ ಪಟ್ಟುಗಳು, ನೇರ 118-137 ಮೆಗಾಹರ್ಟ್ಸ್ ಪಟ್ಟಿಗೆ ಬೀಳುತ್ತವೆ. ಇದು ಸೊಂಯ್ ಎನ್ನದಿರಬಹುದು. ಕ್ಷೀಣ ಸದ್ದನ್ನು ತಡೆಹಿಡಿಯುವ ರೇಡಿಯೊದ ಸ್ಕ್ವೆಲ್ಚ್ ತೆರೆದು ಕರಕರ ಬಂದರೆ ಪೈಲಟ್ ಅದನ್ನು ಬಿಗಿ ಮಾಡುತ್ತಾನೆ, ಕೆಲವು ರೇಡಿಯೊಗಳು ತಾವೇ ಬಿಗಿ ಮಾಡಿಕೊಳ್ಳುತ್ತವೆ. ಆಮೇಲೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದ ಕೆಳಗೆ ದೂರದ ಗೋಪುರದ ಕ್ಷೀಣ ದನಿಯೂ ಹೂತುಹೋಗಿರುತ್ತದೆ, ಯಾರೋ ಕರೆದರೆಂಬುದೇ ಪೈಲಟ್ಟಿಗೆ ಗೊತ್ತಾಗುವುದಿಲ್ಲ. ಕೇಳಿಸುವ ಗದ್ದಲಕ್ಕಿಂತ ನಾನು ಹೆಚ್ಚು ಭಯಪಡುವುದು ಈ ಕೇಳಿಸದ ಗದ್ದಲಕ್ಕೆ.

ಹೀಗಾಗಿ ಹುಡುಕುವ ಕ್ರಮವೂ ದಾರಿಯನ್ನೇ ಹಿಡಿದು ಹೋಗಬೇಕು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೇಲೆ ರೇಡಿಯೊ ಒಂದನ್ನೇ ಹಾಕಿ, ಸ್ಕ್ವೆಲ್ಚ್ ತೆರೆದು ಉಳಿದವನ್ನು ಒಂದೊಂದಾಗಿ ಸೇರಿಸಬೇಕು. ದೂರದ ಒಂದು ಕ್ಷೀಣ ಪ್ರಸಾರ ಹಿಡಿದು ಪ್ರತಿ ಸ್ವಿಚ್ ಹಾಕಿದಾಗಲೂ ಅದು ಉಳಿಯುತ್ತದೋ ಅಳಿಯುತ್ತದೋ ನೋಡಬೇಕು. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಇದ್ದರೆ ಅದು ಹೆಡ್‌ಸೆಟ್ ತಂತಿಗಳಲ್ಲಿ ಅಥವಾ ಗ್ರೌಂಡಿನಲ್ಲಿ ಬರುತ್ತಿದೆ. ವಾಲ್ಯೂಮ್ ಜೊತೆ ಇಳಿದರೆ ಆಂಟೆನಾ ಕೇಬಲ್ ಬಿಚ್ಚಿ ಕೇಳಬೇಕು. ಹಾಗೆ ಬಿಚ್ಚಿದಾಗ ಮಾತಾಡುವ ಗುಂಡಿ ಒತ್ತಬಾರದು, ರೇಡಿಯೊಗೆ ಕೇಡು. ಬಿಚ್ಚಿದ ಮೇಲೆ ಸದ್ದು ನಿಂತರೆ ಗಾಳಿಯ ಮೂಲಕ ಬಂದದ್ದು, ಗದ್ದಲದ ಪೆಟ್ಟಿಗೆಯನ್ನು ಆಂಟೆನಾದಿಂದ ದೂರ ಸರಿಸಬೇಕು. ನಿಲ್ಲದಿದ್ದರೆ ಪವರ್ ತಂತಿ. ಇಷ್ಟರಲ್ಲಿ ಯಾವ ಹೊಸ ಸಾಮಾನನ್ನೂ ಕೊಂಡಿರುವುದಿಲ್ಲ, ತೊಡಕು ಎಲ್ಲಿದೆ ಎಂಬುದು ಮಾತ್ರ ಗೊತ್ತಾಗಿರುತ್ತದೆ.

ಕೊನೆಯದಾಗಿ ರೇಡಿಯೊವೇ ಗದ್ದಲ ಎಬ್ಬಿಸುವ ಸಂದರ್ಭ. ಜಿಪಿಎಸ್ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಭೂಮಿಗೆ ತಲುಪುವಾಗ ಅದರ ಶಕ್ತಿ ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿ ಭಾಗಗಳಲ್ಲಿ ಒಂದರಷ್ಟು. ಅದೇ ವಿಮಾನದ ರೇಡಿಯೊ ಹಲವು ವ್ಯಾಟಿನಲ್ಲಿ 121.175 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಹದಿಮೂರನೆಯ ಗುಣಕ 1575.275ಕ್ಕೆ ಬೀಳುತ್ತದೆ, 131.275ರ ಹನ್ನೆರಡನೆಯ ಗುಣಕ 1575.3ಕ್ಕೆ. ಎರಡೂ ಜಿಪಿಎಸ್‌ನ ಮಗ್ಗುಲಲ್ಲೇ. ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿ 121.150, 121.175, 121.200 ಮತ್ತು 131.250, 131.275, 131.300 ಇವುಗಳಲ್ಲಿ ಪರೀಕ್ಷೆ ಮಾಡಲು ಹೇಳುವುದು ಇದಕ್ಕೇ. ನೆಲದ ಮೇಲೆ ಜಿಪಿಎಸ್ ಉಪಗ್ರಹಗಳನ್ನು ಹಿಡಿದ ಮೇಲೆ, ಆ ಚಾನೆಲ್ಲಿನಲ್ಲಿ ಬೇರೆ ಯಾರೂ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಪರದೆ ನೋಡಬೇಕು. ಉಪಗ್ರಹಗಳು ಕೈಬಿಟ್ಟು ಹೋದರೆ ಎರಡು ಆಂಟೆನಾಗಳನ್ನು ಇನ್ನಷ್ಟು ದೂರ ಮಾಡಬೇಕು. ಮೈಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ರೇಡಿಯೊದ ಆಂಟೆನಾ ಕೇಬಲ್ಲಿಗೆ ಆ ಗುಣಕವನ್ನು ಮಾತ್ರ ತಡೆಯುವ ನಾಚ್ ಫಿಲ್ಟರ್ ಹಾಕಬೇಕು. ಇದು ಗದ್ದಲ ಹುಟ್ಟುವ ಕಡೆಗೇ ಕೂರುವ ಫಿಲ್ಟರ್, ಇದಕ್ಕೆ ನನ್ನ ತಕರಾರಿಲ್ಲ. ಆಂಟೆನಾ ಎಲ್ಲಿ ಎಂದು ತೂತು ಕೊರೆಯುವ ಮೊದಲೇ ಗುರುತು ಮಾಡುವಾಗ ಈ ಆರು ಸಂಖ್ಯೆಗಳೂ ನಕ್ಷೆಯ ಅಂಚಿನಲ್ಲಿ ಬರೆದಿರಲಿ.